ಮುಟ್ಟು ನಿಂತ ಮೇಲೆ ಮತ್ತೆ ಮತ್ತೆ ಕಾಡುವ ಗರ್ಭಕೋಶದ ತೊಂದರೆ: ಕಾರಣ ತಿಳಿದು ಚಿಕಿತ್ಸೆ ಆರಿಸಿಕೊಳ್ಳುವ ಬಗೆ

ಕೊನೆಯ ಮುಟ್ಟಾಗಿ ಪೂರ್ತಿ 12 ತಿಂಗಳು ಕಳೆದರೆ ಮುಟ್ಟು ನಿಂತಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅದಾದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ, ಒಳಬಟ್ಟೆಗೆ ತಿಳಿಗೆಂಪು ಕಲೆಯಷ್ಟೇ ಆಗಿದ್ದರೂ ಅದನ್ನು ಮುಟ್ಟೆಂದು ತಿಳಿಯಬಾರದು. ಅದು ಕಾರಣ ಹುಡುಕಲೇಬೇಕಾದ ಲಕ್ಷಣ. ಹೀಗೆ ರಕ್ತ ಕಂಡ ಮಹಿಳೆಯರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲು ಕಾಣಿಸಿಕೊಳ್ಳುವುದು ಇದೇ ರಕ್ತಸ್ರಾವ. ಈ ಎರಡು ಮಾತುಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡರೆ ಗಾಬರಿಯೂ ಬೇಡ, ಉದಾಸೀನವೂ ಸಲ್ಲದು ಎಂಬುದು ತಾನಾಗಿ ತಿಳಿಯುತ್ತದೆ.

ಒಮ್ಮೆ ಬಂದು ನಿಂತ ತೊಂದರೆ ಆರು ತಿಂಗಳು, ವರ್ಷ ಬಿಟ್ಟು ಮತ್ತೆ ಬಂದವರಿಗಾಗಿ ಈ ಲೇಖನವನ್ನು ಮುಖ್ಯವಾಗಿ ಬರೆದಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡೆ ಇಂಥವರು ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುವುದನ್ನು ಕಾಣುತ್ತೇವೆ. ಕೆಲವರು ಹೋದ ಸಲ ಕೊಟ್ಟ ಮಾತ್ರೆಯ ಚೀಟಿಯನ್ನೇ ಮೆಡಿಕಲ್ ಶಾಪಿಗೆ ತೋರಿಸಿ ಮತ್ತೆ ನುಂಗುತ್ತಾರೆ. ಇನ್ನು ಕೆಲವರು ಬೇಸತ್ತು, ಯಾವ ಪರೀಕ್ಷೆಯೂ ಇಲ್ಲದೆ ಗರ್ಭಕೋಶ ತೆಗೆಸಿಕೊಳ್ಳಲು ಸಿದ್ಧರಾಗುತ್ತಾರೆ. ಎರಡರಲ್ಲೂ ಬಿಟ್ಟುಹೋಗುವುದು ಕಾರಣ. ಮರುಕಳಿಸಿದ ತೊಂದರೆಗೆ ಹಿಂದಿನ ರಿಪೋರ್ಟ್ ಉತ್ತರವಾಗುವುದಿಲ್ಲ. ಹೊಸದಾಗಿ ಪರೀಕ್ಷೆಯಾಗಬೇಕು, ಕಾರಣ ಗೊತ್ತಾದ ಮೇಲೆ ಆ ಕಾರಣಕ್ಕೆ ತಕ್ಕ ಚಿಕಿತ್ಸೆಯಾಗಬೇಕು.

ಮೊದಲ ಹೆಜ್ಜೆ: ಮನೆಯಲ್ಲೇ ಬರೆದಿಟ್ಟುಕೊಳ್ಳುವುದು

ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ರಕ್ತ ಕಂಡ ದಿನಕ್ಕೆ ಗುರುತು ಹಾಕಿ. ಎಷ್ಟು ಹೋಯಿತು, ಬಣ್ಣ ಹೇಗಿತ್ತು, ವಾಸನೆಯಿತ್ತೇ, ಹೊಟ್ಟೆನೋವಿತ್ತೇ, ದಾಂಪತ್ಯ ಸಂಪರ್ಕದ ಬಳಿಕ ಬಂದಿತೇ, ಮಲ ಅಥವಾ ಮೂತ್ರ ವಿಸರ್ಜನೆಯ ಹೊತ್ತಿಗೆ ಮಾತ್ರ ಕಂಡಿತೇ ಎಂದು ಒಂದೊಂದು ಪದದಲ್ಲಿ ಬರೆದಿಟ್ಟರೂ ಸಾಕು. ಈ ವಯಸ್ಸಿನಲ್ಲಿ ಮೂಲವ್ಯಾಧಿಯ ರಕ್ತವನ್ನೋ ಮೂತ್ರದ ರಕ್ತವನ್ನೋ ಗರ್ಭಕೋಶದ್ದೆಂದು ತಿಳಿಯುವುದುಂಟು, ಅದಲುಬದಲಾಗಿಯೂ ತಿಳಿಯುವುದುಂಟು. ಅನುಮಾನವಿದ್ದರೆ ಒಂದು ದಿನ ಪ್ಯಾಡ್ ಅಥವಾ ಬಿಳಿ ಬಟ್ಟೆ ಇಟ್ಟು ನೋಡಿ, ಕಲೆ ಬಿದ್ದ ಜಾಗದಿಂದ ಅಂದಾಜು ಸಿಗುತ್ತದೆ.

ತೆಗೆದುಕೊಳ್ಳುತ್ತಿರುವ ಔಷಧಗಳೆಲ್ಲದರ ಪಟ್ಟಿಯೂ ಬೇಕು. ಸ್ತನ ಕ್ಯಾನ್ಸರಿಗೆಂದು ಟ್ಯಾಮೊಕ್ಸಿಫೆನ್ ನುಂಗುವವರಲ್ಲಿ ಒಳಪದರ ದಪ್ಪವಾಗುವ, ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ ಬೆಳೆಯುವ, ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಹೃದಯದ ತೊಂದರೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಕಾರಣಕ್ಕೂ ಹೆಚ್ಚು ರಕ್ತ ಹೋಗಬಹುದು. ಹಾಗೆಂದು ರಕ್ತಸ್ರಾವವನ್ನು ಆ ಮಾತ್ರೆಯ ಮೇಲೆ ಹಾಕಿ ಪರೀಕ್ಷೆ ಬಿಡುವಂತಿಲ್ಲ, ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವಂತೆಯೂ ಇಲ್ಲ. ಹಾರ್ಮೋನ್ ಚಿಕಿತ್ಸೆ ಆರಂಭಿಸಿದ ಮೊದಲ ಕೆಲವು ತಿಂಗಳು ಸ್ವಲ್ಪ ರಕ್ತ ಕಾಣುವುದಿದೆ. ಆರು ತಿಂಗಳು ದಾಟಿದ ಮೇಲೂ ಕಂಡರೆ ಅದನ್ನು ಹೇಳಲೇಬೇಕು. ಸಕ್ಕರೆ ಕಾಯಿಲೆ, ಬಿ.ಪಿ., ಹೆಚ್ಚಿದ ತೂಕ, ಮಕ್ಕಳಾಗದಿರುವುದು, ತಾಯಿ ಅಥವಾ ಅಕ್ಕತಂಗಿಯರಿಗೆ ಗರ್ಭಕೋಶದ ಇಲ್ಲವೇ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿರುವುದು, ಇವೆಲ್ಲ ವೈದ್ಯರ ನಿರ್ಧಾರವನ್ನು ಬದಲಿಸುವ ವಿವರಗಳಾದ್ದರಿಂದ ಕೇಳುವ ಮೊದಲೇ ತಿಳಿಸಿ.

"ಮೈಗೆ ಉಷ್ಣವಾಗಿದೆ" ಎಂದು ಮುರುಗಲ ಪಾನಕ, ಎಳನೀರು, ಅಶೋಕದ ತೊಗಟೆಯ ಕಷಾಯ ಕುಡಿಯುತ್ತಾ ತಿಂಗಳುಗಟ್ಟಲೆ ಕಾಯುವ ರೂಢಿ ಘಟ್ಟದ ಮೇಲೂ ಕೆಳಗೂ ಇದೆ. ಮುರುಗಲ ಪಾನಕದಿಂದ ಕೆಡುಕೇನೂ ಇಲ್ಲ, ಕಾಯುವುದರಿಂದ ಕೆಡುಕಿದೆ. ಶಿರಸಿ, ಸಿದ್ದಾಪುರದ ಕಡೆ ಕೊನೆಕೊಯ್ಲು ಮುಗಿಯಲಿ ಎನ್ನುತ್ತಾರೆ, ಕುಮಟಾ, ಅಂಕೋಲಾದ ಕಡೆ ಚೌತಿ ಮುಗಿಯಲಿ ಎನ್ನುತ್ತಾರೆ. ರಕ್ತ ಕಂಡ ಎರಡು ವಾರದೊಳಗೆ ಸ್ತ್ರೀರೋಗ ತಜ್ಞರ ಮುಂದೆ ಕುಳಿತಿರಬೇಕು ಎಂಬುದನ್ನು ಮನೆಯವರೆಲ್ಲರೂ ಒಪ್ಪಿಕೊಳ್ಳಲಿ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋಗುತ್ತಿದ್ದರೆ, ತಲೆಸುತ್ತಿ ಬೀಳುವಂತಾದರೆ, ದುರ್ವಾಸನೆಯ ಸ್ರಾವದೊಂದಿಗೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಹೆಜ್ಜೆ: ತಪಾಸಣೆ ಮತ್ತು ಸ್ಕ್ಯಾನಿಂಗ್

ವೈದ್ಯರ ಕೊಠಡಿಯೊಳಗೆ ಯಾರು ಜೊತೆಗಿರಬೇಕೆಂದು ಮನೆಯಲ್ಲೇ ತೀರ್ಮಾನಿಸಿ. ಮಗ ಪಕ್ಕದಲ್ಲಿ ನಿಂತಿದ್ದರೆ ಅರವತ್ತೈದು ವರ್ಷದ ತಾಯಿ ರಕ್ತದ ಮಾತೆತ್ತುವುದಿಲ್ಲ. "ಸೊಂಟನೋವು ಡಾಕ್ಟ್ರೇ" ಎಂದಷ್ಟೇ ಹೇಳಿ ನೋವಿನ ಮಾತ್ರೆ ಬರೆಸಿಕೊಂಡು ಬರುತ್ತಾಳೆ. ಮಗಳೋ ಸೊಸೆಯೋ ಒಳಗೆ ಹೋಗಲಿ, ಮಗ ಹೊರಗಿನ ಬೆಂಚಿನಲ್ಲಿ ಫೈಲು ಹಿಡಿದು ಕುಳಿತಿರಲಿ. "ಆಯಿ, ಹೋದ ತಿಂಗಳೂ ಹೋಗಿತ್ತಲ್ಲ, ಅದನ್ನೂ ಹೇಳು" ಎಂದು ನೆನಪಿಸುವವರು ಒಬ್ಬರಿದ್ದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಯೋನಿಯೊಳಗೆ ಸ್ಪೆಕ್ಯುಲಂ ಎಂಬ ಉಪಕರಣ ಇಟ್ಟು, ಗರ್ಭಕೋಶದ ಕೆಳತುದಿಯಾದ ಗರ್ಭಕೊರಳನ್ನು ಕಣ್ಣಾರೆ ನೋಡುವುದು ಈ ಹಂತದ ಮುಖ್ಯ ಕೆಲಸ. ಸಂಕೋಚದಿಂದ ಇದನ್ನು ಬೇಡವೆನ್ನುವವರು ಬಹಳ, ಆದರೆ ಸ್ಕ್ಯಾನಿಂಗಿನಲ್ಲಿ ಕಾಣದ ಗರ್ಭಕೊರಳಿನ ಹುಣ್ಣು, ಅಲ್ಲಿಂದ ಇಳಿಬಿದ್ದ ಪಾಲಿಪ್, ತೆಳುವಾಗಿ ಕೆಂಪಾದ ಯೋನಿಯ ಚರ್ಮ, ಜಾರಿದ ಗರ್ಭಕೋಶ, ಇವೆಲ್ಲ ಇದರಲ್ಲೇ ಕಾಣುತ್ತವೆ. ನೋವಾಗುತ್ತಿದ್ದರೆ ಸಣ್ಣ ಅಳತೆಯ ಉಪಕರಣ ಬಳಸುವಂತೆ ಕೇಳಬಹುದು. ಗರ್ಭಕೊರಳಿನ ಕ್ಯಾನ್ಸರಿಗೆಂದು ಆರೋಗ್ಯ ಕೇಂದ್ರಗಳಲ್ಲಿ ವಿನೆಗರಿನಂಥ ದ್ರಾವಣ ಹಚ್ಚಿ ನೋಡುವ ತಪಾಸಣೆ ನಡೆಯುತ್ತದಲ್ಲವೇ, ಮುಟ್ಟು ನಿಂತವರಲ್ಲಿ ಅದನ್ನೊಂದನ್ನೇ ನೆಚ್ಚಬಾರದು. ಬದಲಾವಣೆ ಶುರುವಾಗುವ ಜಾಗ ಈ ವಯಸ್ಸಿನಲ್ಲಿ ಕೊರಳಿನ ಒಳಕಾಲುವೆಗೆ ಸರಿದಿರುವುದರಿಂದ ಅದು ಕಣ್ಣಿಗೆ ಬೀಳದೇ ಹೋಗಬಹುದು. ಗರ್ಭಕೊರಳಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಅಥವಾ ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಇವರಿಗೆ ಮೇಲು. ಅನುಮಾನದ ಹುಣ್ಣು ಕಂಡರೆ ನೇರವಾಗಿ ಬಯಾಪ್ಸಿ, ಅಂದರೆ ತುಣುಕು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು.

ಬಳಿಕ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿನಿಂದ ಮಾಡುವುದಕ್ಕಿಂತ ಇದರಲ್ಲಿ ಒಳಪದರದ ದಪ್ಪ ಸ್ಪಷ್ಟವಾಗಿ ಸಿಗುತ್ತದೆ. ಮೊದಲ ಬಾರಿ ರಕ್ತ ಕಂಡವರಲ್ಲಿ ಆ ಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಒಳಪದರದ ಕ್ಯಾನ್ಸರ್ ಇಲ್ಲವೆಂದು ಶೇ. 99ಕ್ಕೂ ಹೆಚ್ಚು ಖಚಿತವಾಗಿ ಹೇಳಬಹುದು. ಇದೇ ಅಂಕಿ ಮರುಕಳಿಸಿದವರನ್ನು ದಾರಿ ತಪ್ಪಿಸುತ್ತದೆ. ರಕ್ತ ಮತ್ತೆ ಬಂದರೆ, ಅಥವಾ ನಿಲ್ಲದೇ ಹೋಗುತ್ತಿದ್ದರೆ, ಪದರ 3 ಮಿಲಿಮೀಟರ್ ಇದ್ದರೂ ತುಣುಕು ತೆಗೆದು ಪರೀಕ್ಷಿಸಬೇಕು, ಏಕೆಂದರೆ ಕೆಲವು ಬಗೆಯ ಕ್ಯಾನ್ಸರುಗಳು ಪದರವನ್ನು ದಪ್ಪವಾಗಿಸದೆಯೇ ಬೆಳೆಯುತ್ತವೆ. "ಸ್ಕ್ಯಾನಿಂಗ್ ನಾರ್ಮಲ್ ಬಂತು" ಎಂಬ ಮಾತಿಗೆ ಎರಡನೆಯ ಸಲ ಸಮಾಧಾನ ಪಟ್ಟುಕೊಳ್ಳಬಾರದು.

ಮೂರನೆಯ ಹೆಜ್ಜೆ: ಬಯಾಪ್ಸಿ

ಇಡೀ ದಾರಿಯಲ್ಲಿ ಇದೇ ನಿರ್ಣಾಯಕ ಹೆಜ್ಜೆಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಳನೀರು ಕುಡಿಯುವ ಸ್ಟ್ರಾಗಿಂತ ಸಣ್ಣದಾದ, ಸುಮಾರು 3 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ನಳಿಕೆಯೊಂದನ್ನು ಗರ್ಭಕೊರಳಿನ ಮೂಲಕ ಒಳಕ್ಕೆ ಬಿಟ್ಟು, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆಳೆದು, ನಳಿಕೆಯನ್ನು ತಿರುಗಿಸುತ್ತಾ ಒಳಪದರದ ತುಣುಕುಗಳನ್ನು ಹೀರಿ ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಮುಟ್ಟಿನ ನೋವಿನಂಥ ಹಿಡಿತ ಆ ಹೊತ್ತಿಗೆ ಬರುತ್ತದೆ, ಆಮೇಲೆ ಇಳಿಯುತ್ತದೆ. ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು. ಅರಿವಳಿಕೆ ಬೇಡ, ಅದೇ ದಿನ ಬಸ್ಸು ಹತ್ತಿ ಮನೆಗೆ ಬರಬಹುದು.

ಎಲ್ಲರಿಗೂ ಇದು ಇಷ್ಟು ಸುಲಭವಾಗುವುದಿಲ್ಲ ಎಂಬುದೂ ನಿಜ. ವಯಸ್ಸಾದಂತೆ ಗರ್ಭಕೊರಳಿನ ಬಾಯಿ ಬಿಗಿದುಕೊಂಡು ನಳಿಕೆ ಒಳಗೆ ಹೋಗದಿರಬಹುದು, ಹೋದರೂ ತುಣುಕು ಸಾಲದಿರಬಹುದು. "ಸ್ಯಾಂಪಲ್ ಸಾಲದು" ಎಂದು ಬಂದ ರಿಪೋರ್ಟನ್ನು ಬಹಳ ಮನೆಗಳಲ್ಲಿ "ಏನೂ ಇಲ್ಲ" ಎಂದು ಓದಿಕೊಳ್ಳುತ್ತಾರೆ. ಆ ಎರಡಕ್ಕೂ ಅಜಗಜಾಂತರ. ಅಂಥ ಸಂದರ್ಭದಲ್ಲಿ, ಮತ್ತು ಮರುಕಳಿಸಿದ ಹೆಚ್ಚಿನವರಲ್ಲಿ, ಹಿಸ್ಟೆರೋಸ್ಕೋಪಿ ಉತ್ತಮ: ಸಪೂರ ದುರ್ಬೀನನ್ನು ಗರ್ಭಕೋಶದೊಳಗೆ ಇಳಿಸಿ ಪರದೆಯ ಮೇಲೆ ನೋಡುತ್ತಾ, ಅನುಮಾನದ ಜಾಗದಿಂದಲೇ ತುಣುಕು ತೆಗೆಯುತ್ತಾರೆ. ನಳಿಕೆಯಾಗಲಿ, ಹಳೆಯ ಡಿ ಆ್ಯಂಡ್ ಸಿ ಆಗಲಿ ಕುರುಡಾಗಿ ಕೆರೆಯುವ ವಿಧಾನಗಳಾದ್ದರಿಂದ ಒಂದು ಮೂಲೆಯ ಪಾಲಿಪ್ ಅಥವಾ ಸಣ್ಣ ಗಂಟು ತಪ್ಪಿಹೋಗಬಹುದು. ಹಿಸ್ಟೆರೋಸ್ಕೋಪಿ ನಿಮ್ಮ ತಾಲೂಕಿನಲ್ಲಿ ಸಿಗದಿದ್ದರೆ ಅದಕ್ಕಾಗಿ ಬೇರೆ ಊರಿಗೆ ಹೋಗುವುದು ಸಾರ್ಥಕ ಪ್ರಯಾಣ.

ತುಣುಕು ತುಂಬಿದ ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟು "ಲ್ಯಾಬಿಗೆ ಕೊಡಿ" ಎನ್ನುವುದು ಹಲವು ಕಡೆ ನಡೆಯುತ್ತದೆ. ಕೈಗೆ ಬಂದ ಕೂಡಲೇ ನೋಡಿ: ಬಾಟಲಿಯ ಮೇಲೆ ರೋಗಿಯ ಪೂರ್ತಿ ಹೆಸರು, ವಯಸ್ಸು, ದಿನಾಂಕ, ಎಲ್ಲಿಂದ ತೆಗೆದ ತುಣುಕು ಎಂಬುದು ಬರೆದಿರಬೇಕು, ತುಣುಕು ಫಾರ್ಮಲಿನ್ ದ್ರಾವಣದಲ್ಲಿ ಪೂರ್ತಿ ಮುಳುಗಿರಬೇಕು, ಮುಚ್ಚಳ ಸೋರಬಾರದು. ಗರ್ಭಕೊರಳಿನದು, ಒಳಪದರದ್ದು ಎಂದು ಎರಡು ತೆಗೆದಿದ್ದರೆ ಎರಡು ಬಾಟಲಿ ಬೇರೆ ಬೇರೆ ಇರಬೇಕು. ಮನೆಗೆ ಒಯ್ದು ರಾತ್ರಿ ಫ್ರಿಜ್ಜಿನಲ್ಲಿಟ್ಟು ನಾಳೆ ಕೊಟ್ಟರಾಯಿತು ಎನ್ನದೆ ಅದೇ ದಿನ ತಲುಪಿಸಿ ರಶೀದಿ ಪಡೆಯಿರಿ. ರಿಪೋರ್ಟ್ ಬರಲು ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ.

ರಿಪೋರ್ಟ್ ಬರುವ ಮೊದಲು ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನೋ, ಮುಟ್ಟು ಮುಂದೂಡಲು ಕೊಡುವ ನಾರ್‌ಎಥಿಸ್ಟಿರಾನ್ ಮಾತ್ರೆಯನ್ನೋ ಅಂಗಡಿಯಿಂದ ತಂದು ನುಂಗುವುದು ಬೇಡ. ರಕ್ತ ನಿಲ್ಲುತ್ತದೆ, ಹುಡುಕಾಟವೂ ನಿಂತುಹೋಗುತ್ತದೆ. ಒಳಗಿನ ಕಾರಣ ಮಾತ್ರ ಹಾಗೇ ಇರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವುಳ್ಳವರಿಗೆ ಇವುಗಳಿಂದ ಅಪಾಯವೂ ಇದೆ.

ನಾಲ್ಕನೆಯ ಹೆಜ್ಜೆ: ಕಾರಣಕ್ಕೆ ತಕ್ಕ ಚಿಕಿತ್ಸೆ

ಅತಿ ಸಾಮಾನ್ಯ ಕಾರಣವೆಂದರೆ ಈಸ್ಟ್ರೋಜೆನ್ ಹಾರ್ಮೋನ್ ಇಳಿದು ಯೋನಿ ಮತ್ತು ಗರ್ಭಕೋಶದ ಪದರ ತೆಳುವಾಗಿ ಒಣಗುವುದು. ಉರಿ, ತುರಿಕೆ, ಸಂಪರ್ಕದಲ್ಲಿ ನೋವು, ಮತ್ತೆ ಮತ್ತೆ ಉರಿಮೂತ್ರ ಇದರ ಜೊತೆಗೇ ಬರುತ್ತವೆ. ಪ್ರತಿ ಸಲವೂ ಆ್ಯಂಟಿಬಯೋಟಿಕ್ ನುಂಗಿ ಬೇಸತ್ತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರಿಯಾಲ್ ಕ್ರೀಮ್ ನಿಜವಾದ ಪರಿಹಾರ. ರೂಢಿಯ ಕ್ರಮದಲ್ಲಿ ಎರಡು ಮೂರು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಹಚ್ಚುತ್ತಾರೆ. ಚೆನ್ನಾಯಿತೆಂದು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ತೊಂದರೆ ಮರಳುತ್ತದೆ, ಅದು ಔಷಧ ಸೋತದ್ದಲ್ಲ. ಹಾರ್ಮೋನ್ ಕೊರತೆ ಮುಂದುವರಿದಿರುವುದರಿಂದ ಕ್ರೀಮೂ ಮುಂದುವರಿಯಬೇಕು. ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪವಾದ್ದರಿಂದ ಬಹುತೇಕರು ವರ್ಷಗಟ್ಟಲೆ ಬಳಸಬಹುದು, ಸ್ತನ ಕ್ಯಾನ್ಸರ್ ಆದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಪಾಲಿಪ್ ಆಗಿದ್ದರೆ ಹಿಸ್ಟೆರೋಸ್ಕೋಪಿಯಲ್ಲಿ ಬುಡಸಮೇತ ತೆಗೆದು ಬಯಾಪ್ಸಿಗೆ ಕಳಿಸಬೇಕು. ಹಿಂದೊಮ್ಮೆ ಕೆರೆದು ತೆಗೆದವರಿಗೆ ಮತ್ತೆ ಬಂದಿದ್ದರೆ ಬುಡ ಉಳಿದಿತ್ತೆಂದೇ ಹಲವು ಸಲ ಅರ್ಥ.

ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಕ್ಯಾನ್ಸರಲ್ಲದ ಗಡ್ಡೆಗಳು, ಮುಟ್ಟು ನಿಂತ ಮೇಲೆ ಕುಗ್ಗುತ್ತವೆ. ಸ್ಕ್ಯಾನಿಂಗಿನಲ್ಲಿ ಹಳೆಯ ಗಡ್ಡೆ ಕಂಡಿತೆಂಬ ಕಾರಣಕ್ಕೇ ಆಪರೇಷನ್ ಬೇಕಿಲ್ಲ. ಮುಟ್ಟು ನಿಂತ ಮೇಲೆ ಗಡ್ಡೆ ಬೆಳೆಯುತ್ತಿದ್ದರೆ ಮಾತು ಬೇರೆ, ಅದು ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಆಗಿರಬಹುದು. ಅಂಥ ಗಡ್ಡೆಯನ್ನು ಲ್ಯಾಪರೋಸ್ಕೋಪಿಯಲ್ಲಿ ಚೂರು ಮಾಡಿ ತೆಗೆಯದೆ ಇಡಿಯಾಗಿ ತೆಗೆಯುವುದು ಸುರಕ್ಷಿತ. ಚೂರು ಮಾಡುವ ಯಂತ್ರದಿಂದ ಕ್ಯಾನ್ಸರ್ ಹೊಟ್ಟೆಯಲ್ಲಿ ಹರಡುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಎಚ್ಚರಿಸಿದೆ.

ರಿಪೋರ್ಟಿನಲ್ಲಿ ಹೈಪರ್‌ಪ್ಲೇಸಿಯಾ, ಅಂದರೆ ಒಳಪದರ ಅತಿಯಾಗಿ ಬೆಳೆದಿದೆ, ಎಂದಿದ್ದರೆ ಅದರ ಮುಂದಿನ ಪದವನ್ನು ಗಮನವಿಟ್ಟು ಓದಿಸಿಕೊಳ್ಳಬೇಕು. ಏಟಿಪಿಯಾ ಇಲ್ಲದ್ದು, ಅಂದರೆ ಜೀವಕೋಶಗಳ ಸ್ವರೂಪ ಕೆಡದೆ ಬರಿಯ ಸಂಖ್ಯೆ ಹೆಚ್ಚಿದ್ದು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. ಇದಕ್ಕೆ ಪ್ರೊಜೆಸ್ಟೋಜೆನ್ ಹಾರ್ಮೋನ್ ಚಿಕಿತ್ಸೆ ಸಾಕು. ಗರ್ಭಕೋಶದೊಳಗೆ ಇಡುವ, ಹಾರ್ಮೋನನ್ನು ಸ್ವಲ್ಪಸ್ವಲ್ಪವೇ ಬಿಡುವ ಸಾಧನಕ್ಕೆ ಮೊದಲ ಆದ್ಯತೆ; ಅದು ಹಿಡಿಸದವರಿಗೆ ದಿನನಿತ್ಯದ ಮಾತ್ರೆ. ಎರಡರಲ್ಲಿ ಯಾವುದಾದರೂ ಕನಿಷ್ಠ ಆರು ತಿಂಗಳು ಬೇಕು, ಆರು ತಿಂಗಳಿಗೊಮ್ಮೆ ಬಯಾಪ್ಸಿಯೂ ಬೇಕು, ಬೆನ್ನುಬೆನ್ನಿಗೆ ಎರಡು ಬಯಾಪ್ಸಿ ಶುದ್ಧವಾಗಿ ಬಂದ ಮೇಲಷ್ಟೇ ಗುಣವಾಯಿತೆನ್ನಬಹುದು. ರಕ್ತ ನಿಂತಿತೆಂದು ಮಧ್ಯದಲ್ಲೇ ಬಿಟ್ಟವರಿಗೆ ಇದು ಮರಳುವುದು ಸಾಮಾನ್ಯ, ಅದರಲ್ಲೂ ತೂಕ ಹೆಚ್ಚಿದ್ದರೆ, ಏಕೆಂದರೆ ಕೊಬ್ಬಿನ ಅಂಗಾಂಶವೇ ಈಸ್ಟ್ರೋಜೆನ್ ತಯಾರಿಸುತ್ತಿರುತ್ತದೆ. ಏಟಿಪಿಯಾ ಇದ್ದರೆ, ಮುಟ್ಟು ನಿಂತವರಲ್ಲಿ, ಗರ್ಭಕೋಶವನ್ನು ಅಂಡಾಶಯ ಮತ್ತು ಅಂಡನಾಳಗಳ ಸಹಿತ ತೆಗೆಯುವುದೇ ಸರಿಯಾದ ದಾರಿ. ಇಲ್ಲಿ ಕಾದು ನೋಡೋಣ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಅರಿವಳಿಕೆ ತಡೆಯಲಾರದವರಿಗೆ ಮಾತ್ರ ಹಾರ್ಮೋನ್ ಸಾಧನ ಇಟ್ಟು ಮೂರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಾ ಕಾಯ್ದುಕೊಳ್ಳಬಹುದು.

ಒಳಪದರದ ಕ್ಯಾನ್ಸರ್ ಎಂದು ಬಂದರೆ ಎಂ.ಆರ್.ಐ. ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸಿ, ಸ್ತ್ರೀ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರಿಂದಲೇ ಆಪರೇಷನ್ ಮಾಡಿಸಬೇಕು. ಗರ್ಭಕೋಶದೊಳಗಷ್ಟೇ ಇರುವಾಗ ಸಿಕ್ಕವರಲ್ಲಿ ಬಹುಪಾಲು ಮಂದಿ ಆಪರೇಷನ್ನಿನಿಂದಲೇ ಗುಣಮುಖರಾಗುತ್ತಾರೆ. ಕೆಲವರಿಗೆ ಮಾತ್ರ ವಿಕಿರಣ, ಇನ್ನೂ ಕೆಲವರಿಗೆ ಕೀಮೋ ಸೇರುತ್ತದೆ. ಗರ್ಭಕೊರಳಿನ ಕ್ಯಾನ್ಸರಿನ ಚಿಕಿತ್ಸೆ ಬೇರೆಯೇ. ಅದು ಇದೆಯೆಂದು ಅರಿಯದೆ ಸಾಧಾರಣ ರೀತಿಯಲ್ಲಿ ಗರ್ಭಕೋಶ ತೆಗೆದುಬಿಟ್ಟರೆ ಕ್ಯಾನ್ಸರಿನ ಅಂಚು ಒಳಗೇ ಉಳಿದು, ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಪರೀಕ್ಷೆಯಿಲ್ಲದೆ "ತೆಗೆಸಿಬಿಡಿ" ಎಂಬ ಮಾತನ್ನು ನಾನು ಇಷ್ಟು ಬಲವಾಗಿ ವಿರೋಧಿಸುವುದು ಈ ಕಾರಣಕ್ಕೆ.

ಕೀವು ಗರ್ಭಕೋಶದೊಳಗೆ ಕಟ್ಟಿಕೊಂಡು ಜ್ವರ, ದುರ್ವಾಸನೆಯ ಸ್ರಾವ ಬರುವುದೂ ವಯಸ್ಸಾದವರಲ್ಲಿದೆ. ಬಿಗಿದ ಕೊರಳನ್ನು ಹಿಗ್ಗಿಸಿ ಕೀವು ಹೊರಹಾಕಬೇಕು. ಬಿಗಿತದ ಹಿಂದೆ ಕ್ಯಾನ್ಸರ್ ಅಡಗಿರಬಹುದಾದ್ದರಿಂದ ಸೋಂಕು ಇಳಿದ ಬಳಿಕ ಬಯಾಪ್ಸಿ ಮಾಡಲೇಬೇಕು, ಆ್ಯಂಟಿಬಯೋಟಿಕ್ ಒಂದರಿಂದಲೇ ಇದು ಮುಗಿಯುವುದಿಲ್ಲ.

ಗರ್ಭಕೋಶ ಜಾರಿದವರಿಗೆ

ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಹೆಚ್ಚು ಹೇಳಬೇಕು. ದರಕಿನ (ಒಣ ಎಲೆಯ) ಹೊರೆ, ಸೊಪ್ಪಿನ ಹೊರೆ ತಲೆಯ ಮೇಲಿಟ್ಟು ಗುಡ್ಡ ಇಳಿದವರು, ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವರು, ಹೆರಿಗೆಯಾದ ಕೆಲವೇ ವಾರಗಳಲ್ಲಿ ಬಾವಿಯಿಂದ ನೀರೆಳೆದವರು ಅರವತ್ತರ ಹೊತ್ತಿಗೆ "ಕೆಳಗೆ ಏನೋ ಬಂದಂತಾಗುತ್ತದೆ" ಎನ್ನುತ್ತಾರೆ. ಹಲವು ಹೆರಿಗೆಗಳಿಂದ ಸಡಿಲವಾದ ಶ್ರೋಣಿಯ ಸ್ನಾಯುಗಳು ಈಸ್ಟ್ರೋಜೆನ್ ಇಳಿದ ಮೇಲೆ ಇನ್ನಷ್ಟು ಸೋಲುತ್ತವೆ. ಹೊರೆ, ದೀರ್ಘಕಾಲದ ಕೆಮ್ಮು, ಮಲಬದ್ಧತೆ ಒತ್ತಡ ಹೇರುತ್ತವೆ. ಬೆಳಿಗ್ಗೆ ಏಳುವಾಗ ಇಲ್ಲದ್ದು ಸಂಜೆ ಹೊತ್ತಿಗೆ ಇಳಿದಿರುತ್ತದೆ, ಮೂತ್ರ ಮಾಡಲು ಕೈಯಿಂದ ಒಳಕ್ಕೆ ತಳ್ಳಿಕೊಳ್ಳಬೇಕಾಗುತ್ತದೆ.

ಸ್ವಲ್ಪವೇ ಇಳಿದಿದ್ದರೆ ವ್ಯಾಯಾಮದಿಂದ ಆರಂಭಿಸಿ. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದ ವ್ಯಾಯಾಮವಿದು: ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಮೇಲಕ್ಕೆಳೆದು, ಆದಷ್ಟು ಸೆಕೆಂಡ್, ಹೆಚ್ಚೆಂದರೆ ಹತ್ತರವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲಬಿಡುವುದು. ಹೀಗೆ 8ರಿಂದ 10 ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ನಾಲ್ಕು ತಿಂಗಳು. ಹೊಟ್ಟೆಯನ್ನು, ತೊಡೆಯನ್ನು ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಮ್ಮುವ, ಸೀನುವ, ಕೊಡಪಾನ ಎತ್ತುವ ಮೊದಲು ಒಮ್ಮೆ ಬಿಗಿಯುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮೇಲೆ ಕುಳಿತಾಗಲೂ ಇದನ್ನು ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ಹೆಚ್ಚು ಇಳಿದವರಿಗೆ, ಆಪರೇಷನ್ ಬೇಡದವರಿಗೆ ಅಥವಾ ಮಾಡಲಾಗದವರಿಗೆ, ಪೆಸರಿ ಎಂಬ ಉಂಗುರವಿದೆ. ಅಳತೆ ನೋಡಿ, ಉಂಗುರವನ್ನು ಮಡಚಿ ಯೋನಿಯೊಳಗೆ ಕೂರಿಸಿದ ಬಳಿಕ ಎದ್ದು ನಡೆದು, ಕೆಮ್ಮಿ, ಕುಕ್ಕರಗಾಲಿನಲ್ಲಿ ಕುಳಿತು, ಒಮ್ಮೆ ಮೂತ್ರ ಮಾಡಿ ನೋಡಿಯೇ ಆಸ್ಪತ್ರೆಯಿಂದ ಹೊರಡಿ. ಸರಿಯಾದ ಅಳತೆಯದ್ದಾದರೆ ಅದು ಒಳಗಿದೆ ಎಂಬುದೇ ತಿಳಿಯಬಾರದು. ಜಾರಿ ಬಿದ್ದರೆ ದೊಡ್ಡದು ಬೇಕು, ನೋವಾದರೆ ಅಥವಾ ಮೂತ್ರ ಕಟ್ಟಿದರೆ ಚಿಕ್ಕದು ಬೇಕು. ಮೊದಲ ಅಳತೆ ಸರಿಹೋಗಲಿಲ್ಲವೆಂದು ಕೈಬಿಡಬೇಡಿ. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು ತೊಳೆದು, ಒಳಗೆ ಹುಣ್ಣಾಗಿದೆಯೇ ನೋಡಿ, ಮತ್ತೆ ಹಾಕಬೇಕು. ಹಾಕಿದ್ದನ್ನೇ ಮರೆತವರಲ್ಲಿ ಉಂಗುರ ಗೋಡೆಗೆ ಹೂತು, ಮೂತ್ರಚೀಲಕ್ಕೆ ತೂತು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆದ್ದರಿಂದ ಹಾಕಿದ ದಿನಾಂಕ ಮನೆಯ ಇನ್ನೊಬ್ಬರಿಗೂ ತಿಳಿದಿರಲಿ, ಆಶಾ ಕಾರ್ಯಕರ್ತೆಗೂ ಹೇಳಿಡಿ.

ಪೂರ್ತಿ ಹೊರಬಂದ ಗರ್ಭಕೋಶ ಬಟ್ಟೆಗೆ ಉಜ್ಜಿ ಹುಣ್ಣಾಗುತ್ತದೆ, ರಕ್ತ ಬರುತ್ತದೆ. ಈಸ್ಟ್ರೋಜೆನ್ ಕ್ರೀಮ್ ಹಚ್ಚಿ, ಅಂಗವನ್ನು ಒಳಗಿಟ್ಟು ಪ್ಯಾಕ್ ಮಾಡಿದರೆ ಉಜ್ಜಿದ ಹುಣ್ಣು ಮಾಯುತ್ತದೆ. ಮಾಯದ ಹುಣ್ಣಿಗೆ ಬಯಾಪ್ಸಿ ಬೇಕು.

ಆಪರೇಷನ್ ಎಂದರೆ ಗರ್ಭಕೋಶ ತೆಗೆಯುವುದು ಎಂದಷ್ಟೇ ತಿಳಿಯಬಾರದು. ಸೋತಿರುವುದು ಆಸರೆ. ಯೋನಿಯ ಮೂಲಕ ಗರ್ಭಕೋಶ ತೆಗೆದು ಆಸರೆಯನ್ನು ಬಿಗಿಗೊಳಿಸದಿದ್ದರೆ ಕೆಲವು ವರ್ಷಗಳಲ್ಲಿ ಯೋನಿಯ ಮೇಲ್ಭಾಗವೇ ಕೆಳಗಿಳಿಯುತ್ತದೆ. "ತೆಗೆಸಿದ ಮೇಲೂ ಮತ್ತೆ ಬಂತು" ಎನ್ನುವವರಿಗೆ ಆಗಿರುವುದು ಇದೇ. ಅವರಿಗೆ ಯೋನಿಯ ತುದಿಯನ್ನು ಸೊಂಟದ ಒಳಗಿನ ಬಲವಾದ ಅಸ್ಥಿರಜ್ಜುವಿಗೆ ಹೊಲಿಯುವ ಅಥವಾ ಹೊಟ್ಟೆಯ ಮೂಲಕ ಜಾಲರಿ ಬಳಸಿ ಬೆನ್ನೆಲುಬಿನ ಬುಡಕ್ಕೆ ತೂಗಿಸುವ ಆಪರೇಷನ್‌ಗಳಿವೆ. ಯೋನಿಯ ಮೂಲಕವೇ ಕೂರಿಸುವ ಜಾಲರಿಯ ಮಾರಾಟವನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು, ಅದನ್ನು ಸೂಚಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ತೀರಾ ವಯಸ್ಸಾಗಿ, ದಾಂಪತ್ಯ ಸಂಪರ್ಕ ಇನ್ನು ಬೇಡವೆಂದು ಸ್ವತಃ ಹೇಳುವವರಿಗೆ ಯೋನಿಯನ್ನು ಭಾಗಶಃ ಮುಚ್ಚುವ ಲೆಫೋರ್ಟ್ ಎಂಬ ಚಿಕ್ಕ ಆಪರೇಷನ್ ಇದೆ. ಮರಳಿ ಜಾರುವುದು ಅಪರೂಪ. ಅದಾದ ಮೇಲೆ ಗರ್ಭಕೋಶದಿಂದ ತುಣುಕು ತೆಗೆಯುವುದು ಕಷ್ಟವಾದ್ದರಿಂದ ಒಳಪದರದ ಮತ್ತು ಗರ್ಭಕೊರಳಿನ ಪರೀಕ್ಷೆಗಳನ್ನು ಮುಂಚೆಯೇ ಮುಗಿಸಿರಬೇಕು.

ಆಪರೇಷನ್‌ಗೆ ಸಹಿ ಹಾಕುವ ಮೊದಲು

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ಅದನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ನೀವು ಕೇಳಬೇಕಾದದ್ದು ಸರಳ. ಬಯಾಪ್ಸಿಯಲ್ಲಿ ಏನು ಬಂದಿದೆ? ಆಪರೇಷನ್ ಅಲ್ಲದ ದಾರಿ ನನಗೆ ಏಕೆ ಆಗುವುದಿಲ್ಲ? ಹೊಟ್ಟೆ ಕೊಯ್ದೋ, ಲ್ಯಾಪರೋಸ್ಕೋಪಿಯಲ್ಲೋ, ಯೋನಿಯ ಮೂಲಕವೋ? ಅಂಡಾಶಯ ತೆಗೆಯುತ್ತೀರೋ ಉಳಿಸುತ್ತೀರೋ? ತೆಗೆದ ಅಂಗವನ್ನು ಪರೀಕ್ಷೆಗೆ ಕಳಿಸುತ್ತೀರಲ್ಲವೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಸಕ್ಕರೆ, ಬಿ.ಪಿ., ಹಿಮೋಗ್ಲೋಬಿನ್ ಹತೋಟಿಗೆ ಬರುವವರೆಗೆ ಕ್ಯಾನ್ಸರೇತರ ಆಪರೇಷನ್‌ಗೆ ಅವಸರ ಬೇಡ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ಮೊದಲ ತಪಾಸಣೆ ತಾಲೂಕು ಆಸ್ಪತ್ರೆಗಳಲ್ಲಿ, ಶಿರಸಿಯವರಿಗಾದರೆ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ಆಗಬಹುದು. ಕಾರವಾರದಲ್ಲಿ ಜಿಲ್ಲಾಸ್ಪತ್ರೆಯ ಜೊತೆಗೆ 2016ರಿಂದ ವೈದ್ಯಕೀಯ ಕಾಲೇಜು, ಎಲ್ಲರ ಬಾಯಲ್ಲಿ ಕ್ರಿಮ್ಸ್, ನಡೆಯುತ್ತಿದೆ. ಕ್ಯಾನ್ಸರ್ ಚಿಕಿತ್ಸೆಗೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವೆಯ ಬಾಂಬೋಳಿಗೆ ಹೋಗುತ್ತಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ ಹಳೆಯದು, ನ್ಯಾಯವಾದದ್ದು. ಅದು ಈಡೇರುವವರೆಗೆ ವಿಕಿರಣ ಚಿಕಿತ್ಸೆಗೆ ಹೋಗುವವರು ವಾರಗಟ್ಟಲೆ ಆ ಊರಿನಲ್ಲೇ ಉಳಿಯುವ ವ್ಯವಸ್ಥೆಯನ್ನು ಮೊದಲೇ ನೋಡಿಕೊಳ್ಳಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾದದ್ದು ನೆನಪಿರಬಹುದು. ಮಳೆಗಾಲದಲ್ಲಿ ಬರುವ ಮರುತಪಾಸಣೆಯ ದಿನಕ್ಕೆ ಒಂದೆರಡು ದಿನ ಮುಂಚೆ ಹೊರಡುವುದು ಕ್ಷೇಮ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ ಅದನ್ನು ಪಡೆದೇ ಹೊರಡಿ. ಗೋವೆಗೆ ಹೋಗುವವರು ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಫೈಲಿನಲ್ಲಿ ರೇಷನ್ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನಿಂಗ್ ರಿಪೋರ್ಟ್‌ಗಳು, ಔಷಧದ ಪಟ್ಟಿ ಇರಲಿ, ಬಯಾಪ್ಸಿಯ ಮೂಲ ರಿಪೋರ್ಟ್ ಇರಲಿ. ದೊಡ್ಡ ಆಸ್ಪತ್ರೆಯವರು ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳುತ್ತಾರೆ. ಅವು ಲ್ಯಾಬಿನಲ್ಲಿರುತ್ತವೆ, ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಇಲ್ಲದಿದ್ದರೆ ಅದೊಂದಕ್ಕಾಗಿ ಮತ್ತೊಮ್ಮೆ ಘಟ್ಟ ಹತ್ತಿ ಇಳಿಯಬೇಕಾಗುತ್ತದೆ.

ಚಿಕಿತ್ಸೆಯ ಬಳಿಕ

ಆಪರೇಷನ್ ಆದವರು ಕನಿಷ್ಠ ಆರು ವಾರ ಭಾರ ಎತ್ತಬಾರದು, ಜಾರಿದ ಗರ್ಭಕೋಶಕ್ಕೆ ಆಪರೇಷನ್ ಆದವರು ಮೂರು ತಿಂಗಳು. ತುಂಬಿದ ಕೊಡಪಾನ, ಸಿಲಿಂಡರ್, ಮೊಮ್ಮಗು, ಎಲ್ಲವೂ ಭಾರವೇ. ತೆಗೆದ ಅಂಗದ ಅಂತಿಮ ರಿಪೋರ್ಟನ್ನು ಹೊಲಿಗೆ ಬಿಚ್ಚುವ ದಿನ ನೆನಪಿನಿಂದ ಕೇಳಿ, ಏಕೆಂದರೆ ಅದರಲ್ಲಿ ಬಂದದ್ದು ಮುಂದಿನ ಚಿಕಿತ್ಸೆಯನ್ನು ಬದಲಿಸಬಹುದು. ಕ್ಯಾನ್ಸರ್ ಆದವರಿಗೆ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಗರ್ಭಕೋಶ ತೆಗೆದವರಲ್ಲೂ ವರ್ಷಗಳ ಬಳಿಕ ಯೋನಿಯಿಂದ ರಕ್ತ ಕಾಣಬಹುದು: ಕೆಲವರಲ್ಲಿ ಹೊಲಿದ ಜಾಗದ ಸಣ್ಣ ಮಾಂಸಗೆಡ್ಡೆಯಿಂದ, ಕೆಲವರಲ್ಲಿ ಒಣಗಿದ ಪದರದಿಂದ, ಅಪರೂಪಕ್ಕೆ ಮರಳಿದ ಕ್ಯಾನ್ಸರಿನಿಂದ. ಗರ್ಭಕೋಶವೇ ಇಲ್ಲವಲ್ಲ ಎಂದು ಸುಮ್ಮನಿರದೆ, ಅದೇ ಎರಡು ವಾರದೊಳಗೆ, ಹಳೆಯ ಫೈಲಿನೊಂದಿಗೆ ಸ್ಪೆಕ್ಯುಲಂ ತಪಾಸಣೆಗೆ ಹೋಗಬೇಕು.